ಸೌಕಾರ್‌ಪೇಟೆಯ ಇಂಗ್ಲೆಂಡ್ ದಾರಿ

ಪಕ್ಕದವರು ಒಡವೆ ಕೊಂಡರೆ, ಕಾರು ಕೊಂಡರೆ ನನಗೆ ಹೊಟ್ಟೆಕಿಚ್ಚಾಗುವುದಿಲ್ಲ. ಅಷ್ಟರ ಮಟ್ಟಿಗೆ ನಾನು ದೊಡ್ಡ ಮನಸ್ಸಿನವಳೇ. ಆದರೆ ಇನ್ನೊಬ್ಬರು ನಡೆದಾಡಿದ್ದಕ್ಕೂ ಹೊಟ್ಟೆ ಉರಿಯಬಹುದೆಂದು ತಿಳಿದದ್ದು, ಎದುರು ಫ್ಲ್ಯಾಟಿನ ವತ್ಸಲಾ ಗಂಡನ ಆಫೀಸು ಕೆಲಸದ ನೆಪದಲ್ಲಿ ಇಂಗ್ಲೆಂಡಿಗೆ ಹೋಗಿ ಬಂದ ಮೇಲೆ.

ನಮ್ಮ ತಾಂಬರಂ ಪಾರ್ಕಿನಲ್ಲಿ ವಾಕಿಂಗ್ ಎಂದರೆ ಎಂಟರ ಆಕಾರದ ಸಿಮೆಂಟು ದಾರಿಯಲ್ಲಿ ಸುತ್ತುವುದು. ಸಕ್ಕರೆ ಕಾಯಿಲೆಗೆ ಒಳ್ಳೆಯದಂತೆ. ಎಷ್ಟು ನಡೆದರೂ ಹೊರಟಲ್ಲಿಗೇ ಬರುತ್ತೇವೆ. ಅಲ್ಲಿನ ಹೆಂಗಸರ ಗುಂಪಿಗೆ ನಾನೇ ಮುಂದಾಳು. ನಾನು ಮುಂದೆ ನಡೆಯುತ್ತ ಮಾತಾಡುವುದು, ಉಳಿದವರು ಹಿಂದಿನಿಂದ ಹೂಂಗುಟ್ಟುವುದು. ಈಗ ಎಲ್ಲರೂ ವತ್ಸಲಾಳ ಹಿಂದೆ. "ಅಲ್ಲಿ ಕಾಲುದಾರಿ ಯಾರ್ಯಾರದೋ ಹೊಲದೊಳಗೇ ಹೋಗತ್ತೆ ಕಣ್ರೀ. ಹೊಲದವನು ಬೇಡ ಅನ್ನೋ ಹಾಗಿಲ್ಲ, ನಡೆಯೋದು ಜನರ ಹಕ್ಕು" ಎಂದು ಅವಳು ಹೇಳುತ್ತಿದ್ದರೆ ನಮ್ಮ ಯಜಮಾನರೂ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಮದುವೆಯಾದಾಗಿನಿಂದ ನನ್ನ ಒಂದು ಮಾತನ್ನೂ ಪೂರ್ತಿ ಕೇಳದ ಮಹಾನುಭಾವರು!

ತಡೆಯಲಾರದೆ, "ನಮ್ಮಲ್ಲೇನು ದಾರಿಗೆ ಬರವಾ? ಭಾನುವಾರ ಬನ್ನಿ, ನಾನು ತೋರಿಸ್ತೀನಿ" ಎಂದುಬಿಟ್ಟೆ.

ಭಾನುವಾರ ರೈಲು ಹತ್ತಿ ಊರಿನ ಆಚೆ ತುದಿಯ ಹಳೇ ಪೇಟೆಗೆ ಹೋಗಿ, ಪ್ಯಾರೀಸ್ ಕಾರ್ನರ್ ಎಂಬ ವೃತ್ತದಿಂದ ಸೌಕಾರ್‌ಪೇಟೆಯ ಗಲ್ಲಿಗಳಿಗೆ ನುಗ್ಗಿದೆವು. ನನಗೂ ದಾರಿ ಗೊತ್ತಿರಲಿಲ್ಲ. ಮುಂದಾಳಾದವರು ಅದನ್ನೆಲ್ಲ ಹೇಳಬಾರದು. ಗಲ್ಲಿ ಕಿರಿದಾಗುತ್ತ ಹೋಗಿ, ತಲೆಯ ಮೇಲೆ ಸೂರು ಬಂತು, ಕಾಲ ಕೆಳಗೆ ನುಣುಪು ಕಲ್ಲು ಬಂತು, ಆಮೇಲೆ ಬಟಾಣಿ ಸುಲಿಯುತ್ತ ಕೂತಿದ್ದ ಮಾರ್ವಾಡಿ ಅಜ್ಜಿಯೊಬ್ಬರು ಎದುರಾದರು. ನಾವೆಲ್ಲ ಚಪ್ಪಲಿ ಕಾಲಿನಲ್ಲಿ ಅವರ ನಡುಮನೆಯಲ್ಲಿ ನಿಂತಿದ್ದೆವು. "ಯಾರು ವೇಣುಂ?" ಎಂದರು ಅಜ್ಜಿ, ಯಾರು ಬೇಕಿತ್ತು ಎಂದು ತಮಿಳಿನಲ್ಲಿ. ನಾನು ಯಜಮಾನರ ಕಡೆ ತಿರುಗಿದೆ. ಯಜಮಾನರು ನಾನು ಯಾರೋ ಎಂಬಂತೆ ಗೋಡೆ ನೋಡತೊಡಗಿದರು.

ವತ್ಸಲಾ ಮುಂದೆ ಬಂದು ಕೈಮುಗಿದು ಹಿಂದಿಯಲ್ಲಿ ಏನೋ ಹೇಳಿದಳು. ಅಜ್ಜಿ ಜೋರಾಗಿ ನಕ್ಕು, ಎಲ್ಲರಿಗೂ ಮಜ್ಜಿಗೆ ಕೊಟ್ಟು, ಹಿಂಬಾಗಿಲು ತೆರೆದು ಆಚೆ ಬೀದಿಗೆ ಬಿಟ್ಟರು. ಇನ್ನು ನನ್ನ ಮಾನ ಹರಾಜು ಎಂದುಕೊಂಡೆ. ಆದರೆ ವತ್ಸಲಾ ಎಲ್ಲರೆದುರು ನನ್ನ ಕೈ ಹಿಡಿದು, "ಇಂಗ್ಲೆಂಡಲ್ಲಿ ಹೊಲದೊಳಗೆ ಬಿಟ್ಕೋತಾರೆ ಅಷ್ಟೆ, ಅಕ್ಕಾ. ಮನೆಯೊಳಗೇ ಬಿಟ್ಕೊಂಡು ಮಜ್ಜಿಗೆ ಕೊಡೋ ದಾರಿ ತೋರ್ಸಿದ್ದು ನೀವೇ" ಎಂದಳು. ಗುಂಪು ಚಪ್ಪಾಳೆ ತಟ್ಟಿತು. "ಇನ್ಮೇಲೆ ಪ್ರತಿ ಭಾನುವಾರ ನೀನೇ ಕರ್ಕೊಂಡು ಹೋಗು" ಎಂದರು ಯಜಮಾನರು.

ಕಳೆದುಕೊಂಡ ಪಟ್ಟ ಮತ್ತೆ ಸಿಕ್ಕಿತು, ನಿಜ. ಆದರೆ ಅದನ್ನು ಅವಳ ಕೈಯಿಂದಲೇ ಈಸಿಕೊಳ್ಳಬೇಕಾಯಿತಲ್ಲ! ಅವಳು ಸ್ವಲ್ಪ ಕೆಟ್ಟವಳಾಗಿದ್ದರೆ ನಾನು ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಟ್ಟುಕೊಂಡು ಇರಬಹುದಿತ್ತು. ಈಗ ಇಂಗ್ಲೆಂಡಿನ ಜೊತೆಗೆ ಅವಳ ಒಳ್ಳೆಯತನಕ್ಕೂ ನಾನೇ ಉರಿದುಕೊಳ್ಳಬೇಕಾಗಿದೆ.