ಎದುರು ಮನೆ ಕರಡಿ, ನಮ್ಮನೆ ಎಮ್ಮೆ

ನಮ್ಮ ಹೊಸೂರಿನ ವಠಾರಕ್ಕೆ ಯಾವ ಹೊಸ ಸಾಮಾನು ಬಂದ್ರೂ ನನ್ನ ಹೊಟ್ಟೆ ಉರ್ಸೋಕೇ ಬತ್ತದೆ. ಫ್ರಿಜ್ಜು ಬಂತು, ನನ್ನ ಮಡಕೆ ನೀರು ಕೇಳೋರಿಲ್ಲ. ಮಿಕ್ಸಿ ಬಂತು, ಒರಳುಕಲ್ಲು ಮೂಲೆ ಸೇರ್ತು. ಅದನ್ನೆಲ್ಲ ತಡ್ಕೊಂಡೆ. ಎದುರು ಮನೆಗೆ ಡಿವಿಡಿ ಬಂದಾಗ ನನ್ನ ಮೊಮ್ಮಗಳೇ ಹೊಂಟೋದ್ಲು. ಅದನ್ನ ಹೆಂಗೆ ತಡ್ಕೊಳ್ಳೋದು, ನೀವೇ ಹೇಳಿ.

೧. ಬಾವಿಗೆ ಬಿದ್ದ ನರಿ

ಸಾಯಂಕಾಲ ವಠಾರದ ಮಕ್ಳನ್ನ ಸುತ್ತ ಕೂರಿಸ್ಕೊಂಡು ನರಿ, ಕಾಗೆ ಕತೆ ಹೇಳ್ತಾ ಕೈತುತ್ತು ಹಾಕೋದು ನನ್ನ ಕೆಲ್ಸ. ಕತೆಗೆ ಹೂಂ ಅಂದೋರಿಗೆ ತುತ್ತು. ಹೂಂ ಅನ್ನದಿದ್ರೆ ಕತೇನೂ ಇಲ್ಲ, ತುತ್ತೂ ಇಲ್ಲ.

ಅವತ್ತು ಕತೇಲಿ ನರಿ ಆಗ್ತಾನೇ ಬಾವಿಗೆ ಬಿದ್ದಿತ್ತು. ಎದುರು ಮನೆಯೋಳು ಬಾಗ್ಲಲ್ಲಿ ನಿಂತು, "ಬನ್ರೋ ಮಕ್ಳಾ, ಬೊಂಬೆ ಪಿಚ್ಚರು ತಂದಿದೀನಿ, ಪ್ರಾಣಿಗಳು ಮಾತಾಡ್ತವೆ!" ಅಂದ್ಲು. ಅಷ್ಟೂ ಮಕ್ಳು ಎದ್ದು ಓಡಿದ್ವು, ನನ್ನ ಮೊಮ್ಮಗಳು ಎಲ್ರಿಗಿಂತ ಮುಂದೆ.

"ಲೇ, ನನ್ನ ಪ್ರಾಣಿಗಳೇನು ಮೂಗವೇನ್ರೋ?" ಅಂತ ಕೂಗಿದೆ. ಕೇಳಿಸ್ಕೊಳ್ಳೋಕೆ ಉಳಿದಿದ್ದು ಬಾವೀಲಿದ್ದ ನರಿ ಒಂದೇ.

೨. ಹೆಪ್ಪಿನ ನೆಪ

ಮಾರನೇ ದಿನ ಹೆಪ್ಪಿಗೆ ಮೊಸ್ರು ಕೇಳೋ ನೆಪದಲ್ಲಿ ಅವ್ಳ ಮನೆಗೆ ಹೋದೆ. ಟಿವೀಲಿ ಒಂದು ಕರಡಿ ಪಟಪಟ ತಮಿಳು ಮಾತಾಡ್ತಿತ್ತು. ನಾನು ಹುಟ್ಟಿದಾಗಿಂದ ಈ ತಮಿಳ್ನಾಡಲ್ಲೇ ಇದ್ರೂ ಅಂಥ ತಮಿಳು ನಂಗೆ ಬರಾಕಿಲ್ಲ, ಆ ಮುಂಡೇದಕ್ಕೆ ಬತ್ತದೆ! ಅದೂ ಹೋಗ್ಲಿ. ಕರಡಿ ಒಂದು ಮಾತು ಮುಗ್ಸಿದ್ರೆ ಸಾಕು, ನನ್ನ ಮೊಮ್ಮಗಳು "ಹೂಂ" ಅಂತಾವ್ಳೆ. ಆ ಹೂಂ ಕಲ್ಸಿದೋಳು ನಾನು ಕಣ್ರೀ! ಮೈಯೆಲ್ಲ ಉರ್ದೋಯ್ತು.

"ಇಷ್ಟು ಮೊಸ್ರು ಸಾಕಾ ದೊಡ್ಡಮ್ಮ?" ಅಂದ್ಲು ಎದುರು ಮನೆಯೋಳು.

"ಬ್ಯಾಡ ಬುಡಮ್ಮ. ಈಗ ನನ್ನ ಮುಖ ನೋಡಿದ್ರೇ ಹಾಲು ಒಡ್ದೋಯ್ತದೆ" ಅಂದೆ.

೩. ನಂಗೊತ್ತು

ಆಮೇಲೊಂದಿನ ಮೊಮ್ಮಗಳು ಸಪ್ಪಗೆ ಬಂದ್ಲು. "ಅಜ್ಜಿ, ಆ ಕರಡಿ ಅವ್ರಮ್ಮನ್ನ ನೆನೆಸ್ಕೊಂಡು ಅಳ್ತದೆ. ಯಾಕೆ ಅಂತ ಮೊದಲ್ನೇ ಭಾಗದಲ್ಲಿ ಐತಂತೆ. ಆಂಟಿಗೆ ಅಂಗಡೀಲಿ ಸಿಕ್ಕಿದ್ದು ಎರಡ್ನೇ ಭಾಗ ಮಾತ್ರ."

"ಮೊದಲ್ನೇದು ನಂಗೊತ್ತು, ಕೂತ್ಕೋ" ಅಂದ್ಬುಟ್ಟೆ. ದೇವ್ರಾಣೆ, ಬಾಯಿಗೆ ಹಂಗೇ ಬಂತು. ಡೆಂಕಣಿಕೋಟೆ ಕಾಡಲ್ಲಿ ತಬ್ಬಲಿ ಕರಡಿ ಮರಿ, ಅದನ್ನ ಹಾಲು ಕುಡ್ಸಿ ಸಾಕಿದ್ದು ಒಂದು ಎಮ್ಮೆ. ರಾಗಿ ಹೊಲಕ್ಕೆ ಆನೆ ನುಗ್ಗಿದ ಗಲಾಟೇಲಿ ತಾಯಿ ಮಗು ಬೇರೆ ಆಗೋದ್ರು. ವಾರಗಟ್ಲೆ ಎಳ್ದೆ. ಮಕ್ಳೆಲ್ಲ ವಾಪಸ್ ಬಂದ್ವು. ಎದುರು ಮನೆಯೋಳ ಮಗಾನೂ ಬಂದ. ಅನ್ನದ ಪಾತ್ರೆ ಸಾಲ್ದೆ ನನ್ನ ಸೊಸೆ ನನ್ನ ಬೈದ್ಲು. ಆ ಬೈಗುಳ ಎಷ್ಟು ಸಿಹಿಯಾಗಿತ್ತು ಅಂತೀನಿ!

೪. ಎಮ್ಮೆ ಇರೋದು ಕೊಡಿ

ಮುಂಚೆಲ್ಲ ಕೊನೆ ಬರೋದ್ರೊಳ್ಗೆ ನಿದ್ದೆ ಹೋಗ್ತಿದ್ದ ಮಕ್ಳು, ಕತೆ ಕೇಳಿದ್ಮೇಲೆ ಎರಡ್ನೇ ಭಾಗ ಇನ್ನೊಂದ್ಸಲ ಪೂರ್ತಿ ನೋಡಿದ್ವು. ಕೊನೇಲಿ ಕರಡಿಗೆ ಅಮ್ಮ ಸಿಗ್ತಾಳೆ. ನೋಡಿದ್ರೆ ಅವ್ಳೂ ಕರಡಿ! ಮೊಮ್ಮಗಳು ಎದ್ದು ನಿಂತು, "ಇವ್ಳ್ಯಾರು? ಅವ್ರಮ್ಮ ಎಮ್ಮೆ!" ಅಂತ ರಂಪ ಎಬ್ಬಿಸಿದ್ಲು. ಮಿಕ್ಕ ಮಕ್ಳು, "ಆಂಟಿ, ನಿಮ್ಗೆ ಡೂಪ್ಲಿಕೇಟ್ ಕೊಟ್ಟವ್ರೆ" ಅಂದ್ವು.

ಪಾಪ, ಅವ್ಳು ನಂಬ್ಬುಟ್ಲು. ಸೀದಾ ಅಂಗಡಿಗೆ ಹೋಗಿ, "ಎಮ್ಮೆ ಇರೋದು ಕೊಡ್ರೀ" ಅಂತ ಜಗಳಕ್ಕೆ ನಿಂತ್ಲು. ಆಮೇಲೆ ಮುಖ ಊದಿಸ್ಕೊಂಡು ನಮ್ಮನೆಗೆ ಬಂದ್ಲು. ಮಕ್ಳೆಲ್ಲ ಊಟಕ್ಕೆ ಕೂತಿದ್ವು. ಇವತ್ತು ನನ್ನ ಮಾನ ಹೋಯ್ತು ಅಂದ್ಕೊಂಡೆ.

"ದೊಡ್ಡಮ್ಮ, ಈ ಮಕ್ಳ ಬಾಯಿಂದ ಕೇಳಿ, ಎಮ್ಮೆ ಪಿಚ್ಚರ್ ಬೇಕು ಅಂತ ದಿನಾ ಯಾರಾದ್ರೂ ಅಂಗಡಿಗೆ ಬತ್ತಾವ್ರಂತೆ. ಅದು ಯಾರ ಹತ್ರ ಐತೋ ಅವ್ರು ಮೂರ್ನೇ ಭಾಗ ಮೊದ್ಲು ತನ್ಗೇ ಕೊಡ್ಬೇಕು ಅಂತ ಅಂಗಡಿಯೋನು ಹೇಳಿ ಕಳ್ಸವ್ನೆ" ಅಂದ್ಲು. ಆಮೇಲೆ ದನಿ ಇಳ್ಸಿ, "ಅದು ಇರೋದು ನಿಮ್ಮ ಬಾಯಲ್ಲೇ ಅಂತ ಈಗ ಗೊತ್ತಾಯ್ತು. ಅಂಗಡಿಯೋನ್ಗೆ ಬ್ಯಾಡ, ಮೊದ್ಲು ನಂಗೆ ಹೇಳ್ಬುಡಿ" ಅಂತ ಮಕ್ಳ ಮಧ್ಯೆ ಕೂತೇಬುಟ್ಲು.

ಅಷ್ಟರಲ್ಲಿ ಮೊಮ್ಮಗಳು ನನ್ನ ಕತ್ತು ತಬ್ಕೊಂಡು ಅವ್ಳನ್ನ ದುರುಗುಟ್ಕೊಂಡು ನೋಡಿ, "ಯಾರ್ಗೂ ಇಲ್ಲ! ಇದು ನಮ್ಮಜ್ಜಿ! ಮೊದ್ಲು ನಂಗೆ!" ಅಂದ್ಲು.

ಆ ಹೊಟ್ಟೆಕಿಚ್ಚು ನಮ್ಮ ವಂಶದ್ದೇ ಕಣ್ರೀ, ಅನುಮಾನವೇ ಬ್ಯಾಡ.