ಟ್ರಾಲಿಗೆ ಉಡಿ ತುಂಬುವ ನನ್ನ ತಮ್ಮ

ಆಗ ನನಗೆ ಎಪ್ಪತ್ತೊಂದು. ಎರಡು ವರ್ಷದ ಹಿಂದಿನ ಮಾತು. ನನ್ನ ತಮ್ಮನ ತಲೆ ಕೆಟ್ಟಿದೆ ಎಂದು ಅಥಣಿ ರಸ್ತೆಯವರೆಲ್ಲ ಹೇಳುತ್ತಾರೆ. ಸುಳ್ಳು! ಕೆಡಬೇಕಾದರೆ ಮೊದಲೊಮ್ಮೆ ನೆಟ್ಟಗಿರಬೇಕಲ್ಲ?

ಅವನದು ಕಬ್ಬು ಸಾಗಿಸುವ ಟ್ರಾಲಿಗಳನ್ನು ಕಟ್ಟುವ ಶೆಡ್ಡು. ಹೆಣ್ಣುಮಕ್ಕಳಿಲ್ಲದ ಮನುಷ್ಯ. ಟ್ರಾಲಿಯ ಬಣ್ಣ ಒಣಗಿದರೆ ಸಾಕು, ಅರಿಷಿಣ ಕುಂಕುಮ ಹಚ್ಚಿ, ಅಕ್ಕಿ, ತೆಂಗಿನಕಾಯಿ, ಕುಬಸದ ಬಟ್ಟೆ ಇಟ್ಟು, ಗಂಡನ ಮನೆಗೆ ಹೊರಟ ಮಗಳಿಗೆಂಬಂತೆ ಉಡಿ ತುಂಬಿಯೇ ಕಳಿಸುತ್ತಾನೆ. ಕೊಳ್ಳಲು ಬಂದ ರೈತ ಇವನಿಗೆ ಅಳಿಯ! ಅವನಿಗೆ ಹೋಳಿಗೆ ಊಟ.

ಭೋಜ ಊರಿನ ರೈತನೊಬ್ಬ ಕುಬಸದ ಬಟ್ಟೆ ಹಿಡಿದು ಕೇಳಿದ: "ಇದನ್ನ ಯಾರಿಗಿ ತೊಡಸ್ಲಿರಿ ಮಾಮಾ, ಎಂಜಿನ್ನಿಗಿ?"

"ನಿನ್ನ ಹೇಣ್ತಿಗಿ ಕೊಡು ಲೇ. ಸವತಿ ಬಂದಾಳಂತ ಸಿಟ್ಟಾಗ್ಯಾಳು!"

ಇಷ್ಟಕ್ಕೇ ನಿಂತಿದ್ದರೆ ನಡೆಯುತ್ತಿತ್ತು. ಮುರಿದು ಬಂದ ಟ್ರಾಲಿಯ ರಿಪೇರಿಗೆ ಅವನು ಒಂದು ಪೈಸೆ ಮುಟ್ಟುತ್ತಿರಲಿಲ್ಲ. "ತವರಿಗಿ ಬಂದ ಮಗಳ ಕಡೆ ರೊಕ್ಕಾ ಇಸ್ಕೊಳ್ಳಾಕ ನಾ ಏನ್ ಕಟಗನೇನ್ ಅಕ್ಕಾ?" ಎನ್ನುತ್ತಿದ್ದ.

ಅವನ ಓದಿದ ಸೊಸೆ ಶೆಡ್ಡಿನ ಲೆಕ್ಕಕ್ಕೆ ಕಂಪ್ಯೂಟರ್ ತಂದಿಟ್ಟಳು. ಲೆಕ್ಕ ಕೂಡಿಸುವ ಮೊದಲೇ ಅದು ಒಂದು ಪ್ರಶ್ನೆ ಹಾಕಿತಂತೆ; ಸೊಸೆ ಅದನ್ನು ಮಾವನಿಗೇ ಕೇಳಿದಳು.

"ಮಾವಾರ, ಒಂದೊಂದ್ ಟ್ರಾಲಿದ ಖರ್ಚು ಬ್ಯಾರೆ ಬ್ಯಾರೆ ಪ್ರಾಜೆಕ್ಟ್ ಅಂತ ಬರೀಲ್ಯೋ, ತಿಂಗಳದ್ದೆಲ್ಲಾ ಕೂಡಿ ಒಂದ ರಾಶಿ ಹಾಕ್ಲ್ಯೋ?"

"ಮಕ್ಕಳನ್ನ ಯಾರರೆ ರಾಶಿ ಹಾಕ್ತಾರೇನವಾ? ಬ್ಯಾರೆ ಬ್ಯಾರೆ ಬರಿ. ಹೆಸರೂ ಹಾಕು!"

ಹಾಕಿದಳು. ಗಂಗವ್ವ, ನೀಲವ್ವ, ತುಂಗವ್ವ! ಕಬ್ಬಿಣ, ಕೂಲಿ, ಕರೆಂಟು, ಹೋಳಿಗೆಯ ಬೆಲ್ಲ ಕೂಡ ಅವರವರ ಹೆಸರಿಗೆ. ರಾಶಿ ಹಾಕಿಸಿದ್ದರೆ ನಷ್ಟವೆಲ್ಲ ಅದರಡಿ ಮುಚ್ಚಿಹೋಗುತ್ತಿತ್ತು. ತನ್ನ ಗುಂಡಿ ತಾನೇ ತೋಡಿದ, ಶಾಣ್ಯಾ!

ಕಬ್ಬಿನ ಹಂಗಾಮು ಅರ್ಧಕ್ಕೆ ಬಂದಾಗ ಸೊಸೆ ನಮ್ಮಿಬ್ಬರನ್ನೂ ಕೂರಿಸಿ ಓದಿದಳು. "ಗಂಗವ್ವ ಹೋಗೂ ಮುಂದ ಲಾಭಾ ಕೊಟ್ಟಾಳ. ತವರಿಗಿ ಬಂದ್ ಬಂದ್ ಅಷ್ಟೂ ತಿಂದಾಳ. ನೀಲವ್ವ ನಾವು ಹಾಕಿದ ಮುದ್ದಲನೂ ನುಂಗ್ಯಾಳ. ರಿಪೇರಿಗಿ ರೊಕ್ಕಾ ಕೇಳ್ರಿ ಮಾವಾರ. ಇಲ್ಲಾಂದ್ರ ಟ್ರಾಲಿ ಬಂದ್ ಮಾಡಿ, ಗೇಟು ಕಿಟಕಿ ಅಷ್ಟ ಮಾಡೂಣು."

ತಮ್ಮನ ಮುಖ ಸಪ್ಪಗಾಯಿತು. ಗೇಟಿಗೆ ಯಾರಾದರೂ ಉಡಿ ತುಂಬುತ್ತಾರೆಯೇ?

"ಕೇಳಾಕ ನನಗ ಬಾಯಿ ಬರೂದಿಲ್ಲವಾ" ಎಂದ.

ನನಗೆ ನಗು ತಡೆಯಲಿಲ್ಲ. "ತವರಿಗಿ ಬಂದವರ್ದೆಲ್ಲಾ ಬರ್ಯಾಕತ್ತಿ, ನಂದೂ ಒಂದ್ ಪ್ರಾಜೆಕ್ಟ್ ತಗೀಯವಾ. ಗಂಡ ಸತ್ತಾಗಿಂದ ಇಲ್ಲೇ ಕುಂತು ತಿನ್ನಾಕತ್ತೀನಿ" ಎಂದೆ. ಸೊಸೆಯೂ ನಗುತ್ತ ನನ್ನ ಹೆಸರು ಒತ್ತಲು ಹೋದಳು.

ತಮ್ಮ ಎರಡೂ ಕೈಗಳನ್ನು ಕೀಲಿಮಣೆಯ ಮೇಲೆ ಊರಿಬಿಟ್ಟ.

"ಅಕ್ಕನ್ನ ಅದರಾಗ ಹಾಕಬ್ಯಾಡ. ಆಕಿ ರಿಪೇರಿಗಿ ಬಂದಾಕಿ ಅಲ್ಲ."

ನಾನು ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದುಹೋದೆ.

ಮರುದಿನ ಬೆಳಿಗ್ಗೆ ಕುರ್ಚಿ ಹೊತ್ತುಕೊಂಡು ಹೋಗಿ ಶೆಡ್ಡಿನ ಬಾಗಿಲಿಗೇ ಹಾಕಿ ಕುಳಿತೆ. ಅಚ್ಚು ಬಾಗಿದ ಟ್ರಾಲಿ ಎಳೆದುಕೊಂಡು ತೆಲಸಂಗದ ರೈತನೊಬ್ಬ ಬಂದ.

"ಮಾಮಾ ಎಲ್ಲಿ ಅದಾನ್ರಿ ಆಯಿ?"

"ಒಳಗದಾನ. ಮೊದಲ ಇಲ್ಲಿ ರೊಕ್ಕಾ ಇಡು" ಎಂದೆ. "ಮಗಳು ತವರಿಗಿ ಬಂದ್ರ ಪುಕ್ಕಟ. ಹೇರು ಹೇರಿ ಆಕಿ ಸೊಂಟಾ ಮುರಿದ ಅಳಿಯಗ ದಂಡ ಐತಿ!"