ಬಾಯಿ ಮುಚ್ಚಿಕೊಂಡ ಭಾನುವಾರ

ಭಾನುವಾರ ಬೆಳಿಗ್ಗೆ ಹಾಲು ತರಲು ಹೋದ ಮುನಿರಾಜು ಹಾಲು ತಗೊಂಡು ಸುಮ್ಮನೆ ಮನೆಗೆ ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅಂಗಡಿಯ ಮುಂದೆ ನಿಂತಿದ್ದ ಪಿಳ್ಳಮ್ಮ, ಇಷ್ಟು ಹೊತ್ತಿಗೇ ಸ್ನಾನ ಮಾಡಿ ಕ್ರಾಪು ಬಾಚಿಕೊಂಡು ಎಲ್ಲಿಗೆ ಹೊರಟೆ ಎಂದು ಕೇಳಿದಳು. ಮುನಿರಾಜುವಿಗೆ ಸುಳ್ಳು ಹೇಳಲು ಬರುವುದಿಲ್ಲ, ನಿಜ ಹೇಳಲು ಶುರು ಮಾಡಿದರೆ ನಿಲ್ಲಿಸಲೂ ಬರುವುದಿಲ್ಲ. ಮಗ ಭೀಮುವನ್ನು ದೊಡ್ಡ ಕ್ಲಬ್ಬಿನ ಫುಟ್‌ಬಾಲ್ ಅಕಾಡೆಮಿಯ ಟ್ರಯಲ್ಸಿಗೆ ಕರೆದುಕೊಂಡು ಹೋಗುತ್ತಿರುವುದು, ಮೈದಾನ ಕೆ.ಆರ್. ಪುರದ ಆಚೆ ಇರುವುದು, ಎಂಟು ಗಂಟೆಗೆಲ್ಲ ಅಲ್ಲಿರಬೇಕಾದ್ದು, ಎಲ್ಲವನ್ನೂ ಒಪ್ಪಿಸಿಬಿಟ್ಟ.

ಬೇರೆ ಕಡೆಯಾಗಿದ್ದರೆ ಇದು ಒಬ್ಬ ಅಪ್ಪ, ಒಬ್ಬ ಮಗನ ವಿಷಯ. ಆದರೆ ಅವನಿದ್ದದ್ದು ಹಲಸೂರಿನ ಗೌತಮಪುರದಲ್ಲಿ. ಅಲ್ಲಿ ಮಕ್ಕಳು ನಡೆಯುವ ಮೊದಲೇ ಒದೆಯಲು ಕಲಿಯುತ್ತಾರೆ. ಐವತ್ತು ದಾಟಿದ ಗಂಡಸರೆಲ್ಲ ಒಂದು ಕಾಲದಲ್ಲಿ ಲೀಗ್ ಆಡಿದವರು, ಮಂಡಿ ಕೆಡಿಸಿಕೊಂಡವರು, ಈಗ ಉಳಿದವರ ಆಟದಲ್ಲಿ ತಪ್ಪು ಹುಡುಕುವವರು. ಇಡೀ ಗಲ್ಲಿಯಲ್ಲಿ ಫುಟ್‌ಬಾಲಿನ ಗಂಧಗಾಳಿ ಗೊತ್ತಿಲ್ಲದವನೆಂದರೆ ಮುನಿರಾಜು ಒಬ್ಬನೇ. ಅವನದು ಶಿವಾಜಿನಗರದಲ್ಲಿ ಕಾರಿನ ಸೀಟ್ ಕವರ್ ಹೊಲಿಯುವ ಕೆಲಸ. ಮದುವೆಯಾದ ಮೇಲೆ ಪಿಳ್ಳಮ್ಮನ ಮಹಡಿ ಮನೆಗೆ ಬಾಡಿಗೆಗೆ ಬಂದು ಸೇರಿದವನು. ಹತ್ತು ವರ್ಷದ ಭೀಮುವಿಗೆ ಆಟ ಕಲಿಸಿದ್ದು ಅವನಲ್ಲ, ಗಲ್ಲಿ. ಆದ್ದರಿಂದ ಹುಡುಗನ ಮೇಲೆ ಅಪ್ಪನಿಗಿಂತ ತಮಗೇ ಹಕ್ಕು ಜಾಸ್ತಿ ಎಂದು ಗಲ್ಲಿಯ ನಂಬಿಕೆ.

ಹಾಲು ಉಕ್ಕುವುದರೊಳಗೆ ಕೆಳಗೆ ಹಾರ್ನ್ ಕೇಳಿಸಿತು. ಶಮೀಮ್ ತನ್ನ ಸ್ಕೂಲ್ ವ್ಯಾನ್ ತಂದು ನಿಲ್ಲಿಸಿದ್ದ. ಭಾನುವಾರ ಸ್ಕೂಲಿಲ್ಲ, ವ್ಯಾನ್ ಖಾಲಿ. ಶಮೀಮ್ ಹಳೆಯ ಗೋಲ್‌ಕೀಪರ್. ಮುಂದಿನ ಎರಡು ಹಲ್ಲು ಯಾವುದೋ ಕಾಲದ ಸೆಮಿಫೈನಲ್ಲಿನಲ್ಲಿ ಹೋದವು, ಆ ಕತೆ ಹೇಳುವ ಉತ್ಸಾಹ ಮಾತ್ರ ಹೋಗಲಿಲ್ಲ. ಹಿಂದಿನ ಸೀಟಿನಲ್ಲಿ ಪಿಳ್ಳಮ್ಮ ಚಿತ್ರಾನ್ನದ ಡಬ್ಬಿ ಹಿಡಿದು ಕೂತಿದ್ದಳು. ಪಕ್ಕದಲ್ಲಿ ಭೀಮುವಿನ ಟ್ಯೂಷನ್ ಮಿಸ್ ಮಾರಿಯಾ, ಚರ್ಚಿಗೆ ಸಂಜೆ ಹೋದರಾಯಿತು ಎಂದು ಬಂದುಬಿಟ್ಟಿದ್ದರು.

ಹೆಂಡತಿ ತೇಜಶ್ರೀ ಬೈಯಪ್ಪನಹಳ್ಳಿ ಮೆಟ್ರೋ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿದ್ದವಳು, ಅವಳಿಗೆ ಅವತ್ತು ಬೆಳಗಿನ ಪಾಳಿ. ಹೊರಡುವ ಮುಂಚೆ ಗಂಡನನ್ನು ಬಾಗಿಲ ಹಿಂದಕ್ಕೆ ಎಳೆದಳು.

"ನೋಡ್ರಿ, ಒಂದು ವರ್ಷದಿಂದ ಇವ್ನು ನಿದ್ದೇಲೂ ಚೆಂಡು ಒದೀತಿದಾನೆ. ವರ್ಷಕ್ಕೊಂದೇ ಸಲ ಇದು ಬರೋದು. ಆಡೋದು ಅವ್ನು ಆಡ್ತಾನೆ. ಇವರೆಲ್ಲ ಸೇರ್ಕೊಂಡು ಕೆಡಿಸ್ದಂಗೆ ನೋಡ್ಕೊಳೋದು ನಿಮ್ಮ ಕೆಲ್ಸ."

ಮುನಿರಾಜು ಹೂಂ ಎಂದ. ಜೀವನದಲ್ಲಿ ಅವನು ಅತಿ ಹೆಚ್ಚು ಸಲ ಆಡಿದ ಮಾತು ಅದು.

ಓಲ್ಡ್ ಮದ್ರಾಸ್ ರೋಡಿನುದ್ದಕ್ಕೂ ವ್ಯಾನಿನಲ್ಲಿ ಉಪದೇಶ ನಡೆಯಿತು. ಎಡಗಾಲಲ್ಲಿ ಹೊಡಿ ಎಂದು ಶಮೀಮ್ ಹೇಳಿದ. ಹೊಡೆಯುವುದಕ್ಕೆ ಮೊದಲು ಪಾಸ್ ಕೊಡುವುದನ್ನು ಕಲಿಯಬೇಕೆಂದು ಮಾರಿಯಾ ಮಿಸ್ ತಿದ್ದಿದರು. ಅವರ ಅಣ್ಣಂದಿರು ನಾಲ್ವರೂ ಆಡಿದವರು, ಸುಮ್ಮನೆ ಮಾತಾಡುವವರಲ್ಲ. ಹೊಟ್ಟೆಗೆ ಬಿದ್ದರೆ ಎರಡೂ ಕಾಲು ತಾವಾಗಿಯೇ ಆಡುತ್ತವೆ ಎಂದು ಪಿಳ್ಳಮ್ಮ ಚಿತ್ರಾನ್ನ ಕಲಸಿ ಹುಡುಗನ ಬಾಯಿಗಿಟ್ಟಳು. ಭೀಮು ಬೂಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಅಗಿಯುತ್ತ ಕೂತಿದ್ದ.

ಮೈದಾನದ ಸುತ್ತ ಎತ್ತರದ ಬಲೆ ಬೇಲಿ. ಒಳಗೆ ನೂರಕ್ಕೂ ಹೆಚ್ಚು ಮಕ್ಕಳು, ಬೆನ್ನಿಗೆ ಹೆಸರು ಬರೆದ ಬಿಳಿ ಟೇಪು. ಹೊರಗೆ ಮಕ್ಕಳ ಮೂರು ಪಟ್ಟು ಅಪ್ಪ, ಅಮ್ಮ, ಮಾವ, ಚಿಕ್ಕಪ್ಪ. ಕೋಚ್ ಫಾಯಿಜಾ ಎಂಬ ಸಣಕಲು ಹುಡುಗಿ. ಟ್ರ್ಯಾಕ್ ಪ್ಯಾಂಟು, ತಲೆಗೆ ಬಿಗಿಯಾಗಿ ಕಟ್ಟಿದ ಸ್ಕಾರ್ಫು. ಅವಳು ಮೈಕ್ ಹಿಡಿದು, ಹೊರಗಿನವರು ಯಾರೂ ಕೂಗಬಾರದು ಎಂದು ಹೇಳಿದಳು. ಯಾವ ಮಗುವಿನ ಹೆಸರು ಕೂಗಿದರೂ ಆ ಮಗುವಿನ ಮೇಲೆ ತಾವು ಬೇರೆಯಾಗಿಯೇ ಕಣ್ಣಿಡುತ್ತೇವೆ, ಆಮೇಲೆ ತಮ್ಮನ್ನು ಕೇಳಬೇಡಿ ಎಂದೂ ಸೇರಿಸಿದಳು.

ಮುನಿರಾಜು ತಲೆ ಮೇಲೆ ಕೈ ಹೊತ್ತುಕೊಂಡ. ಪಿಳ್ಳಮ್ಮನದು ಮೂವತ್ತು ವರ್ಷ ಹಲಸೂರು ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರಿದ ಗಂಟಲು. ಶಮೀಮ್ ಪಿಸುಗುಟ್ಟಿದರೂ ಎದುರು ಸಾಲಿನ ಮನೆಗೆ ಕೇಳಿಸುತ್ತದೆ. ಇವರ ಬಾಯಿಗೆ ಬೀಗ ಹಾಕುವುದು ಹೇಗೆ? ಅವನು ಹೊರಗೆ ಓಡಿಹೋಗಿ ಪಿಳ್ಳಮ್ಮನಿಗೆ ಎಲೆ ಅಡಿಕೆ, ಉಳಿದಿಬ್ಬರಿಗೆ ಕಡ್ಲೆಮಿಠಾಯಿ ತಂದ. ಬಾಯಿ ತುಂಬಿದ್ದರೆ ಕೂಗಲಾರರು ಎಂದು ಅವನ ಲೆಕ್ಕಾಚಾರ. ಮದುವೆಮನೆಯಲ್ಲಿ ಬಡಿಸುವವನ ಹಾಗೆ ಅವರ ಮುಂದೆ ಓಡಾಡುತ್ತ, ಒಬ್ಬರ ಬಾಯಿ ಖಾಲಿಯಾದ ಕೂಡಲೇ ಇನ್ನೊಂದು ತುಂಡು ತುರುಕಿದ.

ಮೊದಲ ಆಟ ಹೀಗೇ ಕಳೆಯಿತು. ಭೀಮು ಚೆನ್ನಾಗಿ ಆಡಿದ. ಎಷ್ಟು ಚೆನ್ನಾಗಿ ಎಂದು ಮುನಿರಾಜುವಿಗೆ ತಿಳಿಯುವಂತಿರಲಿಲ್ಲ. ಆದರೆ ಮಾರಿಯಾ ಮಿಸ್ ಕರವಸ್ತ್ರ ಕಚ್ಚಿಕೊಂಡದ್ದನ್ನೂ ಪಿಳ್ಳಮ್ಮ ಅವನ ಭುಜವನ್ನು ಹಿಂಡಿದ್ದನ್ನೂ ನೋಡಿ ಅಂದಾಜು ಮಾಡಿಕೊಂಡ. ಒಮ್ಮೆ ಮಾತ್ರ ಅನಾಹುತವಾಯಿತು. ಚೆಂಡು ಬೇಲಿ ಹಾರಿ ಇವರತ್ತ ಬಂದಾಗ ಶಮೀಮನೊಳಗಿನ ಗೋಲ್‌ಕೀಪರ್ ಎದ್ದುಬಿಟ್ಟ. ಐವತ್ತೆರಡರ ದೇಹವನ್ನು ಅಡ್ಡಕ್ಕೆ ಎಸೆದು ಚೆಂಡನ್ನೇನೋ ಹಿಡಿದ, ಆದರೆ ಇಳಿದದ್ದು ಇಂದಿರಾನಗರದ ಒಬ್ಬ ಮಹಾಶಯರ ಮಡಿಸುವ ಕುರ್ಚಿಯ ಮೇಲೆ, ಮಹಾಶಯರ ಸಮೇತ. ಕುರ್ಚಿ ಮತ್ತೆ ಬಿಚ್ಚಿಕೊಳ್ಳಲಿಲ್ಲ. ಮುನಿರಾಜು ಕ್ಷಮೆ ಕೇಳುತ್ತ ಅವರ ಪ್ಯಾಂಟಿನ ಮಣ್ಣು ಒರೆಸಿದ. ಅವರು ಒಳ್ಳೆಯವರು, ನಕ್ಕುಬಿಟ್ಟರು. ಅವರ ಮಗ ಅದ್ವೈತನೂ ತಂಡದಲ್ಲಿ ಭೀಮು ಆಡುವ ಜಾಗದಲ್ಲೇ ಆಡುತ್ತಾನಂತೆ.

ವಿರಾಮದಲ್ಲಿ ಪಿಳ್ಳಮ್ಮ ಚಿತ್ರಾನ್ನ ಹಂಚುತ್ತ ಸುತ್ತಲಿನ ತಾಯಂದಿರ ಕುಲಗೋತ್ರವನ್ನೆಲ್ಲ ವಿಚಾರಿಸಿದಳು. ಫ್ರೇಜರ್ ಟೌನಿನ ಗುಲ್ಷನ್ ಎಂಬಾಕೆ ಬದಲಿಗೆ ಸಮೋಸ ಕೊಟ್ಟಳು. ಅವಳ ಮಗ ಮುಬೀನ್. ಇನ್ನೊಬ್ಬ ನೆಲ್ಸನ್ ಎಂಬ ಹುಡುಗ ರಾಮಮೂರ್ತಿ ನಗರದಿಂದ ತಾತನ ಜೊತೆ ಬಂದಿದ್ದ. ಅಷ್ಟರಲ್ಲಿ ಶಮೀಮ್ ಒಳಗಿನವರಿಂದ ವಿಷಯ ತಿಳಿದುಕೊಂಡು ಬಂದ. ಕೊನೆಯ ಆಟಕ್ಕೆ ಉಳಿಸಿಕೊಂಡವರಲ್ಲಿ ಭೀಮುವಿನ ಜಾಗಕ್ಕೆ ನಾಲ್ವರಿದ್ದಾರೆ, ಮುಬೀನ್, ಅದ್ವೈತ್, ನೆಲ್ಸನ್ ಮತ್ತು ಭೀಮು. ತೆಗೆದುಕೊಳ್ಳುವುದು ಮೂವರನ್ನು.

"ಒಬ್ಬ ಬೀಳ್ಬೇಕು ಗುರು, ಅಷ್ಟೇ. ಹೆಸ್ರು ಕೂಗಿದ್ರೆ ಮಾರ್ಕ್ಸ್ ಹೋಗುತ್ತೆ ಅಂತ ಮೇಡಮ್ಮೇ ಹೇಳವ್ರಲ್ಲ. ನಾವು ನಮ್ಮ ಹುಡುಗನ ಹೆಸ್ರು ಕೂಗೋದೇ ಬೇಡ."

ಅವನು ಏನು ಹೇಳುತ್ತಿದ್ದಾನೆಂದು ಮುನಿರಾಜುವಿಗೆ ಅರ್ಥವಾಗುವಷ್ಟರಲ್ಲಿ ಪಿಳ್ಳಮ್ಮನಿಗೆ ಅರ್ಥವಾಗಿ, ಎಲೆ ಅಡಿಕೆ ಉಗಿದು ಬಾಯಿ ಮುಕ್ಕಳಿಸಿ ಆಗಿತ್ತು. ಯಾರದೋ ಮಕ್ಕಳಿಗೆ ಹೀಗೆ ಮಾಡುವುದು ಪಾಪ ಎಂದು ಮಾರಿಯಾ ಮಿಸ್ ಗೊಣಗಿದರು. ಒಬ್ಬ ಹುಡುಗನನ್ನೇ ಗುರಿ ಮಾಡಿದರೆ ಪಾಪ, ಮೂವರಿಗೂ ಸಮನಾಗಿ ಕೂಗಿದರೆ ಯಾವ ಪಾಪವೂ ಇಲ್ಲ ಎಂದು ಪಿಳ್ಳಮ್ಮ ತೀರ್ಪು ಕೊಟ್ಟಳು. ಎಲ್ಲರೂ ಮುನಿರಾಜುವಿನ ಮುಖ ನೋಡಿದರು. ಅವನ ಕೈಯಲ್ಲಿ ಗುಲ್ಷನ್ ಕೊಟ್ಟ ಸಮೋಸ ಇನ್ನೂ ಬೆಚ್ಚಗಿತ್ತು. ಬೇಡ ಎನ್ನಬೇಕೆಂದು ಅವನಿಗೆ ನಿಜವಾಗಿ ಅನ್ನಿಸಿತು. ಆದರೆ ಭೀಮು ಬಲೆಯಾಚೆ ಕೂತು ಲೇಸು ಬಿಗಿಯುತ್ತಿದ್ದ, ಆ ಪುಟ್ಟ ಬೆರಳುಗಳನ್ನು ಮುನಿರಾಜು ನೋಡಿದ. ಹೂಂ ಎಂದುಬಿಟ್ಟ.

ಆಟ ಶುರುವಾಯಿತು. ಚೆಂಡು ಮುಬೀನನ ಕಾಲಿಗೆ ಬಂದ ಕೂಡಲೇ ಪಿಳ್ಳಮ್ಮ ಬಾಯಿ ತೆರೆದಳು. ಆ ದನಿಗೆ ಬೇಲಿಯ ಮೇಲಿದ್ದ ಕಾಗೆಗಳು ಎದ್ದುಹೋದವು. "ಮುಬೀನೂ, ಬಿಡ್ಬೇಡಪ್ಪಾ ನನ್ ರಾಜಾ!" ಅದ್ವೈತನ ಸರದಿ ಶಮೀಮನದು. ಮಾರಿಯಾ ಮಿಸ್ ಮೊದಮೊದಲು ಸಂಕೋಚದಿಂದ ನೆಲ್ಸನ್ ಎಂದರು, ಐದು ನಿಮಿಷದಲ್ಲಿ ಸಂಕೋಚ ಬಿಟ್ಟುಹೋಯಿತು. ಫಾಯಿಜಾ ಪ್ರತಿ ಸಲ ಆಯಾ ಹುಡುಗನತ್ತ ತಿರುಗಿ ನೋಡುತ್ತಿದ್ದಳು. ಹಾಗೆ ನೋಡಿದಾಗಲೆಲ್ಲ ಶಮೀಮ್ ತೃಪ್ತಿಯಿಂದ ಮುನಿರಾಜುವಿನ ಪಕ್ಕೆ ತಿವಿದ.

ಭೀಮು ನಡುನಡುವೆ ಬೇಲಿಯತ್ತ ನೋಡುವುದು ಮುನಿರಾಜುವಿಗೆ ಕಾಣಿಸಿತು. ಪಾಪ, ಧೈರ್ಯ ಬೇಕಾಗಿರಬೇಕು ಎಂದುಕೊಂಡು ಕೈ ಬೀಸಿದ. ಹುಡುಗನ ಒಂದು ಪಾಸ್ ಗುರಿ ತಪ್ಪಿತು, ಇನ್ನೊಂದು ಸಲ ಚೆಂಡು ಕಾಲ ಕೆಳಗಿನಿಂದಲೇ ಜಾರಿತು. ಪರವಾಗಿಲ್ಲ, ಉಳಿದ ಮೂವರದು ಇದಕ್ಕಿಂತ ಕೆಟ್ಟಿದೆ ಎಂದು ಶಮೀಮ್ ಸಮಾಧಾನ ಹೇಳಿದ.

ಕೊನೆಯ ನಿಮಿಷದಲ್ಲಿ ಮುಬೀನ್ ಚೆಂಡು ತಗೊಂಡು ಗೋಲಿನತ್ತ ನುಗ್ಗಿದ. ಪಕ್ಕದಲ್ಲೇ ಭೀಮು ಓಡುತ್ತಿದ್ದ. ಪಿಳ್ಳಮ್ಮನ ಗಂಟಲು ಅಷ್ಟೊತ್ತಿಗೆ ಕಟ್ಟಿಹೋಗಿತ್ತು. ಇವತ್ತು ಮಗನಿಗಾಗಿ ತಾನೇನೂ ಮಾಡಲಿಲ್ಲವಲ್ಲ ಎಂದು ಮುನಿರಾಜುವಿಗೆ ತಟ್ಟನೆ ಅನ್ನಿಸಿತು. ಹುಟ್ಟಿದಾಗಿನಿಂದ ದನಿ ಎತ್ತದಿದ್ದ ಅವನು ಬಲೆಗೆ ಎರಡೂ ಕೈ ಹಾಕಿ, ನರ ಉಬ್ಬುವಂತೆ "ಮುಬೀನ್!" ಎಂದು ಕೂಗಿದ. ಮುಬೀನ್ ಗೋಲು ಹೊಡೆದ. ಭೀಮು ಮಾತ್ರ ಓಡುವುದನ್ನು ನಿಲ್ಲಿಸಿ, ಮೈದಾನದ ಮಧ್ಯೆ ನಿಂತು, ಅಪ್ಪನನ್ನೇ ನೋಡಿದ.

ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ಹೆಸರು ಬಂದವು. ಮುಬೀನ್, ಅದ್ವೈತ್, ನೆಲ್ಸನ್. ಶಮೀಮ್ ಇನ್ನೂ ಇದೆ ಇರು ಎಂದ. ಇನ್ನೇನೂ ಇರಲಿಲ್ಲ.

ಮುನಿರಾಜು ಮೊದಲ ಬಾರಿಗೆ ತಾನಾಗಿಯೇ ಒಬ್ಬರನ್ನು ಪ್ರಶ್ನೆ ಕೇಳಲು ಹೋದ. ಆ ಮೂವರ ಹೆಸರನ್ನು ಹೊರಗಿನವರು ಅಷ್ಟೊಂದು ಕೂಗಿದರಲ್ಲ ಮೇಡಂ, ಮತ್ತೆ ಹೇಗೆ ತಗೊಂಡಿರಿ ಎಂದ. ಫಾಯಿಜಾ ತಾಳ್ಮೆಯಿಂದಲೇ ಹೇಳಿದಳು.

"ಸರ್, ಕೂಗ್ಬೇಡಿ ಅಂದ್ರೆ ಯಾವ ಪೇರೆಂಟ್ಸೂ ಸುಮ್ನಿರಲ್ಲ, ನಮ್ಗೆ ಗೊತ್ತು. ನಾವು ನೋಡೋದು ಮಗು ತಲೆ ತಿರುಗಿಸುತ್ತಾ ಅಂತ. ಆ ಮೂರು ಜನಕ್ಕೆ ಯಾರೋ ಒಂದಜ್ಜಿ ಕಿವಿ ಕಿತ್ತೋಗೋ ಹಂಗೆ ಕೂಗಿದ್ರು. ಒಂದ್ಸಲಾನೂ ತಿರುಗ್ಲಿಲ್ಲ ಅವ್ರು, ಆಟದಲ್ಲೇ ಇದ್ರು. ನಿಮ್ಮ ಹುಡುಗನ ಕಾಲು ಅವ್ರಿಗಿಂತ ಚೆನ್ನಾಗಿದೆ, ಸುಳ್ಳು ಹೇಳಲ್ಲ. ಆದ್ರೆ ಬೇರೆಯವ್ರ ಹೆಸ್ರು ಕೂಗಿದ್ದಕ್ಕೇ ಪ್ರತಿ ಸಲ ತಿರುಗಿ ತಿರುಗಿ ನೋಡ್ತಿದ್ದ. ಯಾಕೋ ನಂಗೂ ಅರ್ಥ ಆಗ್ಲಿಲ್ಲ."

ಮುನಿರಾಜುವಿಗೆ ಅರ್ಥವಾಯಿತು. ಮುಬೀನನಿಗೆ ಪಿಳ್ಳಮ್ಮನ ದನಿ ಯಾರದೋ ದನಿ. ಭೀಮುವಿಗೆ ಅದು ದಿನಾ ತನ್ನನ್ನು ಊಟಕ್ಕೆ ಕರೆಯುವ ದನಿ.

ಅವನು ವಾಪಸ್ ಬಂದಾಗ ಗುಲ್ಷನ್ ಮಿಠಾಯಿ ಡಬ್ಬಿ ಹಿಡಿದು ನಿಂತಿದ್ದಳು. ತನ್ನ ಕಡೆಯಿಂದ ಮಗನಿಗೆ ಕೂಗಲು ಯಾರೂ ಇರಲಿಲ್ಲವೆಂದೂ ಇವರೆಲ್ಲ ಸ್ವಂತದವರಂತೆ ಕೂಗಿದ್ದಕ್ಕೇ ಅವನಿಗೆ ಹುರುಪು ಬಂತೆಂದೂ ಹೇಳುತ್ತ ಕಣ್ಣೊರೆಸಿಕೊಂಡಳು. ಪಿಳ್ಳಮ್ಮ, ಶಮೀಮ್, ಮಾರಿಯಾ ಮಿಸ್ ಮೂವರೂ ನೆಲ ನೋಡುತ್ತ ಒಂದೊಂದು ಪೇಡ ತಗೊಂಡರು. ಅಷ್ಟರಲ್ಲಿ ಭೀಮು ಬೂಟು ಕೈಯಲ್ಲಿ ಹಿಡಿದು ಬಂದ. ಅತ್ತಿರಲಿಲ್ಲ.

"ಅಜ್ಜಿ, ಮುಬೀನ್ ನಿಮ್ಗೆ ಏನಾಗ್ಬೇಕು?"

ಪಿಳ್ಳಮ್ಮನ ಬಾಯಿ ಅವತ್ತು ನಿಜವಾಗಿ ಮುಚ್ಚಿದ್ದು ಆಗಲೇ.

ವ್ಯಾನು ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿತು. ಮುನಿರಾಜುವೇ ಅಳುಕುತ್ತ ಮೇಡಂ ಹೇಳಿದ್ದನ್ನು ತಿಳಿಸಿದ. ಶಮೀಮ್ ಸ್ಟಿಯರಿಂಗಿಗೆ ಗುದ್ದಿದ. ಅಷ್ಟೇನಾ, ಮುಂದಿನ ವರ್ಷದೊಳಗೆ ಇವನ ತಲೆ ತಿರುಗದ ಹಾಗೆ ಮಾಡೋಣ, ಈಗಲೇ ಶುರು ಎಂದ. ಹುಡುಗನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಯಾರು ಕೂಗಿದರೂ ತಿರುಗಕೂಡದೆಂದು ಹೇಳಿದ. ಪಿಳ್ಳಮ್ಮನ ಗಂಟಲು ಮತ್ತೆ ಸರಿಹೋಯಿತು. ಮೂವರೂ ಸೇರಿ ಭೀಮೂ ಭೀಮೂ ಎಂದು ಕೂಗಿದ ರಭಸಕ್ಕೆ ಅಕ್ಕಪಕ್ಕದ ಆಟೋದವರೆಲ್ಲ ತಿರುಗಿ ನೋಡಿದರು. ಭೀಮು ನೆಟ್ಟಗೆ ರಸ್ತೆ ನೋಡುತ್ತ ಕೂತಿದ್ದ.

"ನೋಡಿದ್ಯಾ, ಒಂದೇ ದಿನದಲ್ಲಿ ಕಲ್ತ," ಎಂದು ಶಮೀಮ್ ಹಲ್ಲಿಲ್ಲದ ನಗೆ ನಕ್ಕ.

ಕೂಗಾಟ ಅಡಗಿದ ಮೇಲೆ ಮುನಿರಾಜು ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ, ಮೆಲ್ಲಗೆ, "ಭೀಮು, ನೀರು ಬೇಕೇನೋ?" ಎಂದು ಕೇಳಿದ.

ಹುಡುಗ ಅದಕ್ಕೂ ತಿರುಗಲಿಲ್ಲ.